ಗಾಳೆಪ್ಪ ಕೊಟ್ಟ ಕಬ್ಬಿನ ಹಾಲು

ಕಂಪ್ಲಿಯ ಗಾಳೆಪ್ಪ ಮೂವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವನು. ಚೆಂಬು ಹಿಡಿದು ಬಂದವರಿಗೆಲ್ಲ ಕಬ್ಬಿನ ಹಾಲು ಪುಕ್ಕಟೆ ಕೊಡುವುದು ಅಲ್ಲಿನ ಪದ್ಧತಿ. ೧೯೭೮ರಲ್ಲಿ, ಆಸ್ತಿಯೇ ಪಾಪವೆಂದು ಬೋಧಿಸುವ ಆಶ್ರಮವೊಂದು ಆ ಆಲೆಮನೆಯನ್ನು ಕೊಂಡು, ಹಾಲನ್ನು ಬಾಟಲಿಗೆ ತುಂಬಿ, ಹಂಪಿಗೆ ಬಂದ ವಿದೇಶಿಯರಿಗೆ ಪ್ರಸಾದವೆಂದು ಮಾರತೊಡಗಿತು.

ಬಸುರಿ ಹೊನ್ನೂರಮ್ಮ ಎಂದಿನಂತೆ ಚೆಂಬು ಚಾಚಿದಾಗ ಶಿಷ್ಯನೊಬ್ಬ ಅವಳ ಕೆನ್ನೆಗೆ ಬಾರಿಸಿದ. ಗಾಳೆಪ್ಪ ಬೆಲ್ಲ ತಿರುವುವ ಸಟ್ಟುಗದಿಂದ ಅವನ ಎರಡು ಹಲ್ಲು ಉದುರಿಸಿದ. ಉಳಿದ ಶಿಷ್ಯರು ದೊಣ್ಣೆ ತಂದು, ಮುಖ ಮೂತಿ ನೋಡದೆ ಬಡಿದು, ಗಾಳೆಪ್ಪನ ಬಲಗೈ ಮುರಿದರು.

"ಹಾಲು ಆಶ್ರಮದ್ದೈತಿ, ಮುಟ್ಟಬ್ಯಾಡಲೇ," ಎಂದರು ಸ್ವಾಮಿಗಳು, ಬಹಳ ಶಾಂತವಾಗಿ.

ಗಾಳೆಪ್ಪ ರಕ್ತ ಉಗುಳಿ, ಎಡಗೈಯಿಂದ ಚೆಂಬು ತುಂಬಿದ. "ಮೊದ್ಲು ಈ ಬಸುರಿ ಕುಡೀಲಿ, ಅಜ್ಜಾರ. ಆಮ್ಯಾಲೆ ಈ ಕೈನೂ ಮುರೀರಿ."

ಅವಳು ಕೊನೆಯ ಗುಟುಕು ಇಳಿಸುವವರೆಗೆ ಶಿಷ್ಯರು ಧ್ಯಾನದ ತಾಳ್ಮೆಯಿಂದ ಕಾದರು. ಆಮೇಲೆ ಎಡಗೈಯನ್ನೂ ಮುರಿದರು.