ಶಾಪದ ಪಾಲಿನ ಫೈವಿಶ್

ಒಲೆ ಕಟ್ಟುವ ಫೈವಿಶನನ್ನು ದೇವರು ಆರಿಸಿದ್ದನೋ ಇಲ್ಲವೋ, ಗಲೀಷಿಯಾದ ನಮ್ಮ ಪುಟ್ಟ ಯೆಹೂದಿ ಊರಿನವರಂತೂ ಆರಿಸಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಸಬ್ಬತ್ತಿನ ಶನಿವಾರ ಬೆಳಿಗ್ಗೆ ಮಂದಿರದ ಓದಿನಲ್ಲಿ ನಮ್ಮ ಧರ್ಮಗ್ರಂಥ ತೋರಾದ ಶಾಪಗಳ ಭಾಗ ಬರುತ್ತದೆ. ಹೇಳಿದ ಮಾತು ಕೇಳದಿದ್ದರೆ ಹೊಲಕ್ಕೆ ಶಾಪ, ಕೊಟ್ಟಿಗೆಗೆ ಶಾಪ, ಬಸಿರಿಗೆ ಶಾಪ. ಓದುವವನು ಅದನ್ನು ತಗ್ಗಿದ ದನಿಯಲ್ಲಿ, ಹಿಂದೆ ನಾಯಿ ಬಿದ್ದವನಂತೆ ಓದಿ ಮುಗಿಸುತ್ತಾನೆ. ಆದರೂ ಆ ಭಾಗಕ್ಕೆ ಒಬ್ಬನನ್ನು ಹೆಸರು ಹಿಡಿದು ಕರೆಯಲೇಬೇಕು. ಅವನು ತೋರಾದ ಸುರುಳಿಯ ಪಕ್ಕ ನಿಂತು, ಎಲ್ಲ ಜನಾಂಗಗಳ ನಡುವೆ ನಮ್ಮನ್ನೇ ಆರಿಸಿಕೊಂಡ ದೇವರಿಗೆ ಸ್ತುತಿ ಹೇಳಬೇಕು. ಮಿಕ್ಕ ಭಾಗಗಳಿಗೆ ಜನ ಮೊಣಕೈ ತಿವಿದಾಡುತ್ತಿದ್ದರು. ಈ ಒಂದಕ್ಕೆ ಮಾತ್ರ ಎಲ್ಲರ ಕಣ್ಣೂ ಹಿಂದಿನ ಬೆಂಚಿನ ಫೈವಿಶನ ಮೇಲೆ.

ಮೊದಲ ಸಲ ಕರೆದಾಗ ಅವನು ಹೊಸ ಮದುವಣಿಗ, ತಬ್ಬಲಿ. ದೊಡ್ಡ ಮರ್ಯಾದೆಯೆಂದೇ ತಿಳಿದು ಗಡ್ಡ ನೀವಿಕೊಂಡು ಹೋದ. ವಿಷಯ ಗೊತ್ತಾಗುವಷ್ಟರಲ್ಲಿ ಅದು ರೂಢಿಯಾಗಿಬಿಟ್ಟಿತ್ತು. ಆಮೇಲೆ ಅವನ ಮೇಕೆ ಸತ್ತರೆ, ಅವನು ಏಣಿಯಿಂದ ಬಿದ್ದರೆ, ಊರು ನೆಮ್ಮದಿಯಿಂದ ತಲೆಯಾಡಿಸುತ್ತಿತ್ತು. ಶಾಪ ಸೇರಬೇಕಾದ ಮನೆ ಸೇರಿದೆ!

ನಾನು ಹೇಳುತ್ತಿರುವ ವರ್ಷ ಅವನ ಮಗಳು ಟಾಯ್ಬೆಗೆ ದಿನ ತುಂಬಿತ್ತು. ಹಿಂದಿನ ಬಸಿರು ನಿಂತಿರಲಿಲ್ಲ.

"ಈ ಸಲ ಎದ್ದೀರಿ, ಜೋಕೆ!" ಎಂದಳು ಹೆಂಡತಿ ಬ್ರೈನಾ. "ಊರಿನ ಶಾಪ ಹೊರೋಕೆ ನಿಮ್ಮ ಬೆನ್ನೇ ಆಗ್ಬೇಕಾ? ಆ ಗೆಟ್ಸೆಲ್ ಬೆನ್ನು ಎಷ್ಟು ಅಗಲ ಇದೆ, ನೋಡಿದೀರಾ?"

ಫೈವಿಶ್ ಮಾತು ಕೊಟ್ಟ.

ಸಬ್ಬತ್ತಿನ ದಿನ ಮಂದಿರದ ಸೇವಕ ಕಲ್ಮನ್ ಅವನ ಹೆಸರು ಕೂಗಿದ. ಫೈವಿಶ್ ಬೆಂಚು ಹಿಡಿದು ಕೂತೇ ಇದ್ದ.

"ಏನಯ್ಯಾ, ಕೇಳಿಸ್ಲಿಲ್ವಾ?"

"ಕಿವಿಗೆ ಕೇಳಿಸ್ತು. ಕಾಲಿಗೆ ಕೇಳಿಸ್ಲಿಲ್ಲ."

ಕಲ್ಮನ್ ದರ್ಜಿ ಲೈಝರನ ಕಡೆ ತಿರುಗಿದ. "ನಂಗೆ ಆಗ್ಲೇ ಹಲ್ಲುನೋವು, ಅದು ಸಾಲ್ದಾ?" ಎಂದ ಲೈಝರ್. ಮರದ ವ್ಯಾಪಾರಿ ಗೆಟ್ಸೆಲ್, ಕೇಳುವ ಮೊದಲೇ, "ನನ್ನ ದಿಮ್ಮಿಗಳು ನದೀಲಿ ತೇಲ್ತಾ ಇವೆ" ಎಂದ.

ತೆರೆದ ಸುರುಳಿಯನ್ನು ಹಾಗೇ ಬಿಟ್ಟು ಏಳುವಂತಿಲ್ಲ. ಅತ್ತ, ಸಬ್ಬತ್ತಿನಂದು ಬೆಂಕಿ ಹೊತ್ತಿಸುವಂತಿಲ್ಲವೆಂದು, ಬ್ರೆಡ್ಡಿನಂಗಡಿಯ ಒಲೆಯಲ್ಲಿ ಮನೆಮನೆಯ ಮಾಂಸ-ಕಾಳಿನ ಮಡಕೆಗಳು ಹಿಂದಿನ ಸಂಜೆಯಿಂದ ಕೂತಿವೆ. ಒಲೆ ಫೈವಿಶ್ ಕಟ್ಟಿದ್ದು, ಸುಲಭಕ್ಕೆ ಆರುವಂಥದ್ದಲ್ಲ. ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸರಿಯಿತು. ಗಾಳಿಯಲ್ಲಿ ಸೀದ ವಾಸನೆ ಬಂತು.

"ಫೈವಿಶ್, ನಾವು ದೇವರು ಆರಿಸಿದ ಜನ ಕಣಯ್ಯಾ," ಎಂದ ಗೆಟ್ಸೆಲ್ ಬೆಣ್ಣೆಯಂಥ ದನಿಯಲ್ಲಿ. "ಹೀಗೆಲ್ಲ ಹಟ ಮಾಡಬಾರ್ದು."

"ಹೌದು ಯಜಮಾನ್ರೇ. ದೊಡ್ಡ ದೊಡ್ಡ ರಾಜರನ್ನೆಲ್ಲ ಬಿಟ್ಟು ನಮ್ಮನ್ನ ಆರಿಸ್ದ ಅಂತ ವಾರವಾರ ನೀವೇ ಹೇಳ್ತೀರಿ. ಇವತ್ತೊಂದಿನ ಆ ಭಾಗ್ಯ ನೀವು ಅನುಭವಿಸಿ. ನನ್ನ ಮಗಳು ಹೆರಬೇಕು."

ಹೆಂಗಸರು ಕೂರುವ ಮಹಡಿಯಿಂದ ಗೆಟ್ಸೆಲನ ಹೆಂಡತಿಯೇ ಕೂಗಿದಳು: "ಮಡಕೆ ಸೀದು ಕರಿಯಾಗ್ತಿದೆ ರೀ! ಇಷ್ಟು ಗಂಡಸರಲ್ಲಿ ಎದ್ದೇಳೋಕೆ ಒಬ್ರೂ ಇಲ್ವಾ?"

ಊರಿನ ಧರ್ಮಗುರು, ಮುದಿ ರಬ್ಬಿ ನಿಟ್ಟುಸಿರುಬಿಟ್ಟರು. "ಒಬ್ಬನಿಗೆ ಧೈರ್ಯ ಇಲ್ದಿದ್ರೆ ಎಲ್ಲರೂ ಒಟ್ಟಿಗೆ ಬನ್ನಿ."

ಬಂದರು. ಪ್ರಾರ್ಥನೆಯ ಶಾಲು ತಲೆಮೇಲೆಳೆದುಕೊಂಡು, ಒಬ್ಬರ ಬೆನ್ನಿಗೆ ಒಬ್ಬರು ಅಡಗಿಕೊಂಡು, ನಮ್ಮನ್ನೇ ಆರಿಸಿಕೊಂಡ ದೇವರಿಗೆ ಸ್ತುತಿಯೆಂದು ಗೊಣಗಿದರು. ಬೆಂಚಿನಲ್ಲಿ ಉಳಿದವನು ಫೈವಿಶ್ ಒಬ್ಬನೇ. ಅವನ ತುಟಿ ಮಾತ್ರ, ಅವನನ್ನು ಕೇಳದೆ, ಆ ಮಾತುಗಳನ್ನು ಆಡುತ್ತಿತ್ತು.

ಆ ವಾರವೇ ಟಾಯ್ಬೆ ಹೆತ್ತಳು. ಹೆಣ್ಣುಮಗು, ಬೀದಿಗೆಲ್ಲ ಕೇಳುವ ಗಂಟಲು. ಊರಿಗೆ ಮಾತ್ರ ವರ್ಷವಿಡೀ ನೆಮ್ಮದಿಯಿಲ್ಲ. ಯಾರು ಸೀನಿದರೂ, ಶಾಪದಲ್ಲಿ ತನಗೇ ದೊಡ್ಡ ಪಾಲು ಬಂತೆಂದು ಜಗಳ.

ಮುಂದಿನ ವರ್ಷ ಅದೇ ಸಬ್ಬತ್ ಬಂತು. ಫೈವಿಶ್ ಬೆಳಿಗ್ಗೆಯೇ ಗಡ್ಡ ನೀವಿಕೊಳ್ಳುತ್ತಿದ್ದುದನ್ನು ಬ್ರೈನಾ ಕಂಡಳು.

"ಏನ್ರೀ ಇದು? ಮತ್ತೆ ಏಳ್ತೀರಾ?"

ಅವನು ತೊಟ್ಟಿಲ ಕಡೆ ನೋಡಿದ. ಮಗು ಕಾಲು ಝಾಡಿಸುತ್ತಿತ್ತು.

"ಬೇರೆ ಯಾವ ಭಾಗಕ್ಕೂ ನನ್ನ ಕರೆಯೋರಿಲ್ಲ ಕಣೇ. ಇದನ್ನೂ ಬಿಟ್ರೆ ದೇವರಿಗೆ ನನ್ನ ಹೆಸರೇ ಮರೆತುಹೋಗುತ್ತೆ."

ಬ್ರೈನಾ ಅವನ ಶಾಲು ತಂದು ಹೆಗಲಿಗೆ ಹಾಕಿದಳು.

"ಹೋಗಿ ಬನ್ನಿ. ಈ ವರ್ಷ ಮಾತ್ರ ಏಣಿ ಹತ್ತುವಾಗ ಹುಷಾರು."