ಡ್ಯಾಮಿಗೆ ಅಪಾಯದ ಬೋರ್ಡು ತಂದ ಬರಗೇರಮ್ಮ

ಯಲ್ಲದಕೆರೆಯ ಕಡೆಯಿಂದ ಒಳಗೆ ಹೋದರೆ ಹುಲಿಕಲ್ಲಹಟ್ಟಿ ಎಂಬ ಊರು ಸಿಗುತ್ತದೆ. ಊರಿನಿಂದ ಸ್ವಲ್ಪ ಆಚೆ, ಹಳ್ಳಕ್ಕೆ ಅಡ್ಡವಾಗಿ ಕಟ್ಟಿದ ಹಳೆಯ ಮಣ್ಣಿನ ಡ್ಯಾಂ. ಬಹಳ ವರ್ಷ ಅದರ ಒಳಗೂ ಕೆಳಗೂ ನೀರಿಗಿಂತ ಜಾಲಿ ಗಿಡಗಳೇ ಹೆಚ್ಚಿದ್ದವು. ಒಂದು ಮಳೆಗಾಲ ಅದು ತುಂಬಿ ಕೋಡಿ ಬಿತ್ತು. ಹಿರಿಯೂರು, ಹೊಸದುರ್ಗಗಳಿಂದ ಜನ ಬೈಕು, ಆಟೋ, ಟ್ರ್ಯಾಕ್ಟರುಗಳಲ್ಲಿ ನೋಡಲು ಬಂದರು. ಬಂದವರಿಗೆಲ್ಲ ನೀರು ಕಂಡಿತು. ಊರಿನ ಬರಗೇರಮ್ಮನಿಗೆ ಹಸಿದ ಹೊಟ್ಟೆಗಳು ಕಂಡವು.

ಮಾರನೇ ದಿನವೇ ಅವಳು ಕೋಡಿಯ ಕೆಳಗೆ, ಹಳ್ಳದ ಪಕ್ಕ, ಮೂರು ಕಲ್ಲಿಟ್ಟು ಬಾಣಲೆ ಏರಿಸಿ ಮಿರ್ಚಿ ಕರಿದಳು. ಗಂಡ ಉಗ್ರಪ್ಪ ಮಂಡಕ್ಕಿಗೆ ಖಾರ ಕಲಸಲು ಕೂತ. ಹೆಸರಿಗೆ ಉಗ್ರಪ್ಪನಾದರೂ ಅವನಷ್ಟು ಸಾವಕಾಶದ ಮನುಷ್ಯ ಆ ಸೀಮೆಯಲ್ಲಿರಲಿಲ್ಲ. ಗಿರಾಕಿ ಕೇಳಿದ ಮಂಡಕ್ಕಿ ಕೈಗೆ ಬರುವಷ್ಟರಲ್ಲಿ ಮಿರ್ಚಿ ಆರಿರುತ್ತಿತ್ತು. ಆದರೂ ಜನ ಬಂದರು. ಮೂರು ಕಲ್ಲಿನ ಜಾಗದಲ್ಲಿ ತಗಡಿನ ಹೋಟೆಲು ಎದ್ದಿತು. ಅದರ ಪಕ್ಕ ಕಬ್ಬಿನ ಹಾಲಿನ ಗಾಡಿ, ಅದರಾಚೆ ಪಂಕ್ಚರ್ ಅಂಗಡಿ, ಆಮೇಲೆ ಸಾಲು ಮನೆಗಳು, ಕೊನೆಗೆ ಒಂದು ಅಂಗನವಾಡಿಯೂ ಬಂತು.

ಒಂದು ದಿನ ಡ್ಯಾಂ ಪರೀಕ್ಷೆಗೆಂದು ಚಿತ್ರದುರ್ಗದಿಂದ ಎಂಜಿನಿಯರ್ ಸಹನಾ ಬಂದಳು. ಏರಿಯ ಮೇಲೆ ಓಡಾಡಿ, ತೂಬು ನೋಡಿ, ಇಳಿಜಾರಿನಲ್ಲಿ ಬೆಳೆದ ಗಿಡ ಕೀಳಲು ಹೇಳಿ, ಬಂದು ಹೋಟೆಲಿನಲ್ಲಿ ಕೂತಳು.

"ಇಲ್ಲಿ ಭಾನುವಾರ ತುಂಬಾ ಜನ ಬರ್ತಾರಾ ಅಮ್ಮ?"

"ಅಯ್ಯೋ ಮೇಡಂ, ಜಾತ್ರೆ ಆಕ್ಕತಿ! ಕಾಲಿಡಾಕೆ ಜಾಗ ಇರಲ್ಲ," ಎಂದಳು ಬರಗೇರಮ್ಮ. ಬಂದವಳು ಸಾಲ ಕೊಡುವ ಬ್ಯಾಂಕಿನವಳೇನೋ ಎಂಬ ಅನುಮಾನ ಅವಳಿಗಿತ್ತು. ಆದ್ದರಿಂದ ಹೋಟೆಲಿನ ಹಿಂದೆ ಮಲಗುವವರು, ಸಾಲು ಮನೆಯವರು, ಅಂಗನವಾಡಿಯ ಮಕ್ಕಳು, ಎಲ್ಲರ ಲೆಕ್ಕವನ್ನೂ ಸ್ವಲ್ಪ ಹಿಗ್ಗಿಸಿಯೇ ಹೇಳಿದಳು.

ಕೆಲವು ತಿಂಗಳ ನಂತರ ಏರಿಯ ಬುಡದಲ್ಲಿ ಕೆಂಪು ಬೋರ್ಡು ನಿಂತಿತು: 'ಅಧಿಕ ಅಪಾಯ ವರ್ಗದ ಅಣೆಕಟ್ಟು.'

ಕುರಿ ಕಾಯುವ ಕಾಟಲಿಂಗಪ್ಪ ಅದನ್ನು ಮೊದಲು ಓದಿದ. ಸಂಜೆಯೊಳಗೆ ಡ್ಯಾಂ ಬಿರುಕು ಬಿಟ್ಟಿದೆ ಎಂದು ಹಿರಿಯೂರಿನವರೆಗೂ ಸುದ್ದಿಯಾಯಿತು. ಆ ಭಾನುವಾರ ಹೋಟೆಲಿಗೆ ಬಂದದ್ದು ಎರಡು ನಾಯಿಗಳು ಮಾತ್ರ. ಬರಗೇರಮ್ಮ ಕರಿದ ಮಿರ್ಚಿಯನ್ನೆಲ್ಲ ಕಟ್ಟಿಕೊಂಡು, ಬಸ್ಸು ಹತ್ತಿ ನೇರ ಚಿತ್ರದುರ್ಗದ ಕಚೇರಿಗೆ ಹೋದಳು.

"ಮೇಡಂ, ನಮ್ ಡ್ಯಾಂಗೆ ಏನಾಗೈತ್ರಿ?"

"ಏನೂ ಆಗಿಲ್ಲಮ್ಮ. ಗಟ್ಟಿಯಾಗಿದೆ."

"ಮತ್ತೆ ಆ ಬೋರ್ಡು?"

ಸಹನಾ ಸ್ವಲ್ಪ ಯೋಚಿಸಿ ಕೇಳಿದಳು: "ನಿಮ್ಮ ಬಾಣಲೆ ಗಟ್ಟಿ ಇದೆಯಾ?"

"ಕಬ್ಬಿಣದ್ದು. ನಮ್ಮತ್ತೆ ಕಾಲದ್ದು."

"ಕಾದ ಎಣ್ಣೆ ತುಂಬಿದ ಆ ಬಾಣಲೆಯ ಕೆಳಗೆ ಒಂದು ಮಗು ಆಡ್ತಾ ಕೂತಿದ್ರೆ?"

"ಅಯ್ಯೋ! ಬಿಡ್ತು ಅನ್ರಿ!"

"ಬಾಣಲೆ ಅದೇ, ಗಟ್ಟಿನೇ. ಆದ್ರೂ ಭಯ ಆಯ್ತಲ್ಲ? ಹಾಗೇ ಡ್ಯಾಂ ಹೇಗಿದೆ ಅನ್ನೋದು ಒಂದು ಲೆಕ್ಕ. ಅಕಸ್ಮಾತ್ ಒಡೆದ್ರೆ ಕೆಳಗೆ ಎಷ್ಟು ಜೀವ ಇವೆ ಅನ್ನೋದು ಇನ್ನೊಂದು. ದೇಶದ ಎಲ್ಲಾ ಡ್ಯಾಂಗಳಿಗೂ ಹೀಗೆ ಎರಡನ್ನೂ ನೋಡ್ತಾರೆ. ಮೊದಲು ನಿಮ್ಮ ಡ್ಯಾಂ ಕೆಳಗೆ ಬರೀ ಜಾಲಿ ಇತ್ತು. ಈಗ..."

"ಈಗ ನಾನಿದೀನಿ," ಎಂದಳು ಬರಗೇರಮ್ಮ ನಿಧಾನವಾಗಿ. "ಅಂದ್ರೆ ಆ ಬೋರ್ಡು ನನ್ ದೆಸೆಯಿಂದ ಬಂದಿದ್ದು?"

"ನಿಮ್ಮ ಗಿರಾಕಿಗಳದ್ದೂ ಪಾಲಿದೆ."

ಊರಿಗೆ ಮರಳುವಾಗ ಅವಳಿಗೆ ಅಳಬೇಕೋ ಬೀಗಬೇಕೋ ತಿಳಿಯಲಿಲ್ಲ. ಬಸ್ಸಿಳಿಯುವಷ್ಟರಲ್ಲಿ ಬೀಗುವುದೆಂದು ತೀರ್ಮಾನವಾಗಿತ್ತು. "ಲೇ ಕಾಟಲಿಂಗ, ಡ್ಯಾಂ ಗಟ್ಟಿ ಐತೆ. ದರ್ಜೆ ಏರಿರಾದು ನನ್ನಿಂದ!" ಎಂದು ಸಾರಿದಳು. ನಿಧಾನವಾಗಿ ಗಿರಾಕಿಗಳು ಮರಳಿದರು. ಕೆಲವರು ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲೆಂದೇ ಬಂದರು.

ಆಮೇಲೆ ಏರಿಯ ಮೇಲೆ ಸೈರನ್ನು ಕೂತಿತು. ಅದು ಕೂಗಿದರೆ ಎಲ್ಲರೂ ಕೆಲಸ ಬಿಟ್ಟು ಪಕ್ಕದ ಕರೇಗುಡ್ಡ ಹತ್ತಬೇಕು ಎಂದು ಸಹನಾ ಮನೆಮನೆಗೆ ತಿಳಿಸಿ, ಅಭ್ಯಾಸಕ್ಕೊಂದು ದಿನ ಗೊತ್ತು ಮಾಡಿದಳು.

ಸೈರನ್ ಕೂಗಿತು. ಊರಿಗೆ ಊರೇ ಓಡಿತು, ಡ್ಯಾಮಿನ ಏರಿಯ ಕಡೆಗೆ. ಒಡೆಯುವುದಾದರೆ ಕಣ್ಣಾರೆ ನೋಡಬೇಕಲ್ಲ! ಮುಂದೆ ಬರಗೇರಮ್ಮ, ಹಿಂದೆ ಮೊಬೈಲು ಎತ್ತಿ ಹಿಡಿದ ಗಿರಾಕಿಗಳು. ಉಗ್ರಪ್ಪ ಮಾತ್ರ ಎದ್ದಿರಲಿಲ್ಲ. "ಇಷ್ಟು ವರ್ಷ ನಿಂತಿರಾ ಡ್ಯಾಂ ಒಂದು ಪ್ಲೇಟ್ ಮಂಡಕ್ಕಿ ಮುಗಿಯಾವರೆಗೂ ನಿಲ್ಲಲ್ವಾ?" ಎಂದು ಕೂತಲ್ಲೇ ಕೇಳಿದ. ಕಾಟಲಿಂಗಪ್ಪನ ಕುರಿಗಳು ಸದ್ದಿಗೆ ಬೆದರಿ, ಒಡೆಯನನ್ನು ಬಿಟ್ಟು ಕರೇಗುಡ್ಡ ಹತ್ತಿ ನಿಂತಿದ್ದವು.

ಸಹನಾ ತಲೆಯ ಮೇಲೆ ಕೈ ಹೊತ್ತಳು. "ಈಗ ನಿಜವಾಗಿ ಒಡೆದಿದ್ರೆ ಊರಲ್ಲಿ ಉಳಿಯೋದು ಕುರಿ ಮಾತ್ರ."

ಬರಗೇರಮ್ಮನಿಗೆ ಅದು ಬಹಳ ನಾಟಿತು. ಕುರಿಗಿಂತ ಕಡೆಯಾದೆವಲ್ಲ ಎಂದು ಮನೆಯಲ್ಲಿ ಗಂಡನ ಮೇಲೆ ರೇಗಾಡಿದಳು. ಮುಂದಿನ ಅಭ್ಯಾಸದ ದಿನ ಬೆಳಿಗ್ಗೆಯೇ ಬಾಣಲೆ, ಎಣ್ಣೆ, ಹಿಟ್ಟುಗಳನ್ನು ಗುಡ್ಡದ ಮೇಲೆ ಸಾಗಿಸಿದಳು. ಸೈರನ್ ಕೂಗಿದಾಗ ಗುಡ್ಡದಿಂದ ಕರಿದ ಮೆಣಸಿನಕಾಯಿಯ ವಾಸನೆ ಇಳಿದು ಬಂತು. ಊರು ಸರಿಯಾದ ದಾರಿ ಹಿಡಿಯಿತು.

"ನಿಜವಾಗಿ ನೀರು ಬಂದ ದಿನವೂ ಮಿರ್ಚಿ ಕರೀತೀರಾ?" ಎಂದು ಸಹನಾ ಆಕ್ಷೇಪಿಸಿದಳು.

"ದಾರಿ ಕಾಲಿಗೆ ರೂಢಿ ಆಗ್ಲಿ ಬಿಡ್ರಿ ಮೇಡಂ. ಆಮ್ಯಾಕೆ ಬರಿಗೈಲೂ ಬರ್ತಾರೆ."

ಆ ವರ್ಷ ಮಳೆ ಬಿಡದೆ ಸುರಿಯಿತು. ಒಂದು ಮಧ್ಯಾಹ್ನ ಹೆಚ್ಚಿನ ನೀರನ್ನು ಹೊರಗೆ ಬಿಡಬೇಕಾಗಿ, ಯಾರೂ ಹೇಳದ ಹೊತ್ತಿನಲ್ಲಿ ಸೈರನ್ ಕೂಗಿತು. ಬರಗೇರಮ್ಮ ಒಲೆ ಆರಿಸಿ, ಅಂಗನವಾಡಿಯ ಎರಡು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಗುಡ್ಡ ಹತ್ತಿದಳು. ಊರೆಲ್ಲ ಬಂದಿತ್ತು. ಮಕ್ಕಳನ್ನು ಇಳಿಸಿ ಸುತ್ತ ನೋಡಿದರೆ ಉಗ್ರಪ್ಪ ಇಲ್ಲ. ಹೋಟೆಲಿನ ಹಿಂದಿನ ಬೆಂಚಿನ ಮೇಲೆ ಊಟ ಮುಗಿಸಿ ಮಲಗಿದ್ದು ನೆನಪಾಯಿತು.

ಕೆಳಗೆ ಹಳ್ಳ ಆಗಲೇ ಕೆಂಪಾಗಿ ಉಬ್ಬುತ್ತಿತ್ತು. ಗುಡ್ಡದ ಅರ್ಧದವರೆಗೆ ಇಳಿದು, "ಏಯ್, ಏಳು! ನೀರು ಬಂತು!" ಎಂದು ಕಿರುಚಿದಳು. ತಗಡಿನ ಕೆಳಗೆ ಏನೂ ಅಲುಗಲಿಲ್ಲ. ಕಾಟಲಿಂಗಪ್ಪ ಇಳಿಯಲು ಹೊರಟ. ಅವನನ್ನು ತಡೆದು, ಬರಗೇರಮ್ಮ ಉಸಿರೆಳೆದುಕೊಂಡು ಮತ್ತೊಮ್ಮೆ ಕೂಗಿದಳು:

"ಮಿರ್ಚಿ ಮುಗಿತಾ ಬಂತು! ಬಾಣಲೇಲಿರಾದೇ ಕೊನೆ ಒಬ್ಬೆ!"

ಉಗ್ರಪ್ಪ ಹೊರಗೆ ಬಂದ. ಪಂಚೆ ಎತ್ತಿ ಕಟ್ಟಿ, ಮದುವೆಯಾದಾಗಿನಿಂದ ಯಾರೂ ಕಾಣದ ವೇಗದಲ್ಲಿ ಗುಡ್ಡ ಹತ್ತಿದ. ಮೇಲೆ ಬಂದವನೇ ಏದುಸಿರು ಬಿಡುತ್ತ, "ಎಲ್ಲೈತೆ?" ಎಂದ. ಬರಗೇರಮ್ಮ ಅವನ ಬೆನ್ನಿಗೆ ಒಂದು ಗುದ್ದಿ, ಅದೇ ಕೈಯಿಂದ ಸೆರಗು ಎಳೆದು ಅವನ ತಲೆ ಒರೆಸಿದಳು. ಅವಳು ಅತ್ತದ್ದನ್ನು ಊರು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ಹೋಟೆಲಿನೊಳಗೆ ಮೊಣಕಾಲುದ್ದ ನೀರು ನುಗ್ಗಿ, ಆ ಬೆಂಚು ಬಾಗಿಲಿನಿಂದ ತೇಲಿ ಹೊರಟಿತು. ಡ್ಯಾಂ ಮಾತ್ರ ಕದಲಲಿಲ್ಲ.

ನೀರು ಇಳಿದ ವಾರದಲ್ಲೇ ಅವಳು ಹೋಟೆಲನ್ನು ಗುಡ್ಡದ ಮೇಲಕ್ಕೆ ಎತ್ತಿಸಿದಳು. ಅಲ್ಲಿಂದ ಕೋಡಿ ಇನ್ನೂ ಚೆನ್ನಾಗಿ ಕಾಣುತ್ತದೆ. ಗಿರಾಕಿ ಹೆಚ್ಚೇ ಆದರು. ಮತ್ತೆ ಪರೀಕ್ಷೆಗೆ ಬಂದ ಸಹನಾಳಿಗೆ ಬಿಸಿ ಮಿರ್ಚಿ ಕೊಟ್ಟು ಕೇಳಿದಳು:

"ನಾನು ಮ್ಯಾಲೆ ಬಂದೆ. ಇನ್ನ ಬೋರ್ಡು ಕೀಳ್ತೀರಾ?"

"ನೀವು ಬಂದ್ರಿ. ಮನೆಗಳು, ಅಂಗನವಾಡಿ ಕೆಳಗೇ ಇವೆಯಲ್ಲಮ್ಮ."

ಬರಗೇರಮ್ಮ ಜಾಲರಿ ಸೌಟನ್ನು ಉಗ್ರಪ್ಪನ ಕೈಗಿಟ್ಟಳು. "ಮಿರ್ಚಿ ಸೀದೋಗಾಕೆ ಬಿಡಬ್ಯಾಡ," ಎಂದು ಎಚ್ಚರಿಸಿ, ಅಂಗನವಾಡಿಯನ್ನು ಮೇಲಕ್ಕೆ ತರಲು ಹೋಟೆಲಿನ ಪಕ್ಕದ ಸಪಾಟು ಜಾಗ ಆದೀತೇ ಎಂದು ನೋಡಲು, ಅಲ್ಲಿಯ ಯಶೋದಾ ಟೀಚರನ್ನು ಕರೆದು ತರುತ್ತೇನೆಂದು ಗುಡ್ಡ ಇಳಿದಳು.