ಭಾವ ಹಂಚಿದ ಮಾತ್ರೆ

ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ, ಸರಕನ್ನು ಆಮೇಲೆ ನೋಡುವಿರಂತೆ. ಈ ಬುದ್ಧಿ ಬರುವುದಕ್ಕೆ ನಮ್ಮ ಮನೆಯವರು ಕೊಟ್ಟಿದ್ದು ಒಂದು ಕಾಲು. ನನ್ನ ಭಾವನ ಬಲಗಾಲು, ಮೊಣಕಾಲಿನಿಂದ ಕೆಳಕ್ಕೆ. ಅದರ ಮೇಲೆ, ನನ್ನನ್ನು ಸಾಕಿ ಬೆಳೆಸಿದ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಯಾಕೆ ಕೊಡಬೇಕಾಯಿತು ಎಂದರೆ, ಡಾಕ್ಟರು ಭಾವನೊಬ್ಬನಿಗೆ ಬರೆದುಕೊಟ್ಟ ಮಾತ್ರೆಯನ್ನು ಅವನು ತನ್ನನ್ನು ನೋಡಲು ಬಂದವರಿಗೆಲ್ಲ ಹಂಚಿದ. ವ್ಯಾಪಾರದಲ್ಲಿ ನಾನೂ ಮೋಸ ಹೋಗಿದ್ದೇನೆ, ಅದಕ್ಕೆ ಹೊಟ್ಟೆ ಉರಿದಿಲ್ಲ. ಯಾರೂ ಕೇಳದೆ, ಯಾರಿಗೂ ಲಾಭವಿಲ್ಲದೆ ಕೊಟ್ಟ ಈ ಬೆಲೆಗೆ ಇವತ್ತಿಗೂ ಉರಿಯುತ್ತದೆ.

ತೊಂಬತ್ತರ ದಶಕದ ಮಾತು. ನಂಜನಗೂಡಿನಲ್ಲಿ ನನ್ನದು ಬಾಳೆಮಂಡಿ. ಮಂಡಿ ಅಂದರೆ ಅಪ್ಪ ಬಿಟ್ಟುಹೋದದ್ದಲ್ಲ. ಕಂಡವರ ತೋಟದ ಗೊನೆ ತಲೆಯ ಮೇಲೆ ಹೊತ್ತು, ಕಾಯಿಗೆ ಕಾಯಿ ಚೌಕಾಸಿ ಮಾಡಿ ಕಟ್ಟಿಕೊಂಡದ್ದು. ಅಪ್ಪ ಅಮ್ಮ ಬೇಗ ಹೋದ ಮೇಲೆ ನಾನು ಬೆಳೆದದ್ದು ಹೆಡತಲೆಯ ಅಕ್ಕನ ಮನೆಯಲ್ಲಿ. ಭಾವ ಆ ಊರಿನಲ್ಲಿ ಮಠದ ಪೂಜೆಯೆಂದರೆ ಮುಂದಿನ ಸಾಲಿನಲ್ಲಿ ಕೂರುವ ಗಟ್ಟಿ ಕುಳ. ನನ್ನ ಮಂಡಿ ಎಷ್ಟು ದೊಡ್ಡದಾದರೂ ನಾಲ್ಕು ಜನ ಸೇರಿದ ಕಡೆ ಅವನು, "ಇವ್ನು ನಮ್ಮನೆ ಇಟ್ಟು ತಿಂದ್ ಬೆಳ್ದೋನು ಕಣ್ರೀ, ಉಂಡ್ ತಟ್ಟೆನ ತೊಳೀತಿರ್ನಿಲ್ಲ" ಎಂದು ನನ್ನನ್ನು ಪರಿಚಯಿಸುತ್ತಿದ್ದ. ನಾನು ಹಲ್ಲು ಬಿಡುತ್ತಿದ್ದೆ. ಅಕ್ಕ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು.

ಭಾವನದು ರಸಬಾಳೆ ತೋಟ. ಆಗ ನಮ್ಮ ಕಡೆಯ ರಸಬಾಳೆಗೆ ಸೊರಗು ರೋಗ ಬಿದ್ದಿತ್ತು. ಒಂದು ತೋಟದಲ್ಲಿ ಎಲೆ ಹಳದಿಯಾಗಿ ಜೋತುಬಿದ್ದರೆ ಪಕ್ಕದ ತೋಟದವನಿಗೆ ನಿದ್ದೆ ಬರುತ್ತಿರಲಿಲ್ಲ. ರೋಗ ಮಣ್ಣಿನಲ್ಲಿರುತ್ತದೆ, ಕಾಲಿಗೆ ಮೆತ್ತಿಕೊಂಡು, ಕುಡುಗೋಲಿಗೆ ಅಂಟಿಕೊಂಡು ತೋಟದಿಂದ ತೋಟಕ್ಕೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಪಾಲಿಸಿದವನು ಭಾವನೊಬ್ಬನೇ. ತೋಟದ ಬಾಗಿಲಲ್ಲಿ ಒಂದು ನೀರಿನ ತೊಟ್ಟಿ ಕಟ್ಟಿಸಿ, ತಾನು ಕೋಲು ಹಿಡಿದು ನಿಲ್ಲುತ್ತಿದ್ದ.

"ಲೇ, ಯಾವ್ ಆಳ್ ತೋಟದ್ ಮಣ್ಣ್ ಮೆಟ್ಕಂಡ್ ಬಂದಿದ್ದೀಯಲಾ? ಕಾಲ್ ತೊಳಿ. ಕುಡ್ಲು ತೊಳಿ. ಆಗಾಕಿಲ್ಲ ಅಂದ್ರೆ ಅಲ್ಲೇ ನಿಂತ್ಕಂಡ್ ನೋಡ್ಬುಟ್ ಓಗು."

ಸ್ವಂತ ಬಾಮೈದ ಎಂದು ನನಗೂ ರಿಯಾಯಿತಿ ಇರಲಿಲ್ಲ. ಅವನ ಕೆಟ್ಟ ಬಾಯಿಯಿಂದಲೇ ಆ ತೋಟ ಹಸಿರಾಗಿತ್ತು. ಈ ಮಾತು ನೆನಪಿರಲಿ.

ಅಂಥವನ ಹಿಮ್ಮಡಿಗೆ ಒಂದು ಜಾಲಿ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆಯವನು, ನೋವು ಗೊತ್ತಾಗಲಿಲ್ಲ. ಪಾದ ಕುಂಬಳಕಾಯಿಯಂತೆ ಊದಿ, ಚಪ್ಪಲಿ ಹತ್ತದಿದ್ದಾಗ ನಾನೇ ಅವನನ್ನು ನಂಜನಗೂಡಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆ. ಅಲ್ಲಿಯ ಡಾಕ್ಟರು ಕುಳ್ಳಗಿನ ಮನುಷ್ಯ, ನಾಲಿಗೆಯ ತುಂಬ ಬೇವಿನ ರಸ. ಪಾದ ಕೊಯ್ದು ಕೀವು ತೆಗೆದು, ಕೈ ತೊಳೆಯುತ್ತ, "ಇನ್ನೂ ತಡ ಮಾಡಿ ಬರಬೇಕಿತ್ತು, ಕಾಲನ್ನ ಚೀಲದಲ್ಲಿ ಹಾಕಿ ನಿಮ್ಮ ಕೈಗೆ ಕೊಡ್ತಿದ್ದೆ" ಎಂದರು.

ಕಾಲು ಉಳಿಯಿತು ಎಂದುಕೊಂಡೆವು. ಶುರುವಾಯಿತು ನೋಡಿ, ನೋಡಲು ಬರುವವರ ಸಾಲು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಮದುವೆಗೆ ಹೋಗದಿದ್ದಕ್ಕಿಂತ ದೊಡ್ಡ ತಪ್ಪು. ಬ್ರೆಡ್ಡು, ಮೂಸಂಬಿ ಹಿಡಿದು ಹೆಡತಲೆಯವರು ಬಂದರು, ಕಳಲೆಯ ನೆಂಟರು ಬಂದರು. ಬಂದವರು ಮಂಚದ ಮೇಲೇ ಕೂರಬೇಕು. ನಿಂತು ಮಾತಾಡಿಸಿದರೆ ಅಸಡ್ಡೆ. ಗಾಯವನ್ನು ಕಣ್ಣಾರೆ ನೋಡದೆ ಹೋದರೆ ಊರಿಗೆ ಹೋಗಿ ಹೇಳುವುದೇನು? ಹಾಗಾಗಿ ಪಟ್ಟಿಯ ಅಂಚು ಎತ್ತಿ ನೋಡುವುದು. ಭಾವನ ಸೋದರತ್ತೆ ಎಲ್ಲರನ್ನೂ ಮೀರಿಸಿದಳು. ಪಕ್ಕದ ಮಂಚದಲ್ಲಿ ಬೆನ್ನು ಹುಣ್ಣಾಗಿ ನಾರುತ್ತಿದ್ದ ಒಬ್ಬ ಮುದುಕನಿದ್ದ. ದಿಕ್ಕಿಲ್ಲದವನು ಎಂದು ಮರುಗಿ, ಅವನ ಬೆನ್ನು ಸವರಿ, ಸೋರಿದ್ದನ್ನು ತನ್ನ ಸೆರಗಿನಿಂದ ಒರೆಸಿ, ಅದೇ ಕೈಯಲ್ಲಿ ಭಾವನ ಪಟ್ಟಿ ಬಿಚ್ಚಿ, "ಅಯ್ಯೋ ನನ್ ಕಂದ, ಎಂಗ್ ಕುಯ್ದವ್ನೆ ನೋಡು ಕಟುಕ" ಎಂದು ಗಾಯದ ಸುತ್ತ ನೇವರಿಸಿದಳು. ಆಮೇಲೆ ಮೂಸಂಬಿ ಸುಲಿದು ಎಲ್ಲರಿಗೂ ತೊಳೆ ತೊಳೆ ಹಂಚಿದಳು.

ಡಾಕ್ಟರು ಒಳಗೆ ಬಂದವರು ಅದನ್ನು ನೋಡಿದರು. "ಅಜ್ಜಿ, ಇವನ ಕಾಲನ್ನ ಈಗಲೇ ಹೂತು ಬರ್ತೀಯಾ, ನಾಳೆ ಹೂಳ್ತೀಯಾ? ಎಲ್ಲ ಎದ್ದು ಹೊರಗೆ ನಡೀರಿ!"

ಭಾವನ ಮುಖ ಕಪ್ಪಿಟ್ಟಿತು. ತನ್ನನ್ನು ನೋಡಲು ಬಂದವರನ್ನು ತನ್ನೆದುರೇ ನಾಯಿ ಅಟ್ಟಿದಂತೆ ಅಟ್ಟುವುದೆಂದರೆ! "ನಮ್ ಜನಾನ ಓಡ್ಸಾಕೆ ಇವ್ನ್ಯಾವೋನ್ಲಾ? ನಡೀಲಾ, ಮನೆಗೋಗವ" ಎಂದು ಹಟ ಹಿಡಿದ. ನಾನು ಹೇಳಿದೆ, ಅಕ್ಕ ಹೇಳಿದಳು, ಕೇಳಲಿಲ್ಲ. ಡಾಕ್ಟರು ಚೀಟಿಯಲ್ಲಿ ಕ್ಯಾಪ್ಸೂಲು ಬರೆದರು. "ಇದು ಜೋರು ಔಷಧಿ. ಬರೆದಷ್ಟನ್ನೂ ನುಂಗಿ ಮುಗಿಸಬೇಕು. ಪಟ್ಟಿ ಬದಲಾಯಿಸೋದು ಇಲ್ಲೇ, ಮನೇಲಿ ಯಾರೂ ಬಿಚ್ಚಬಾರದು" ಎಂದರು. ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೊಂಡವನು ನಾನು. ಚೌಕಾಸಿ ಮಾಡಿದೆ, ಯಾಕೆ ಮಾಡಬಾರದು? ಒಟ್ಟಿಗೆ ಅಷ್ಟು ಕೊಳ್ಳುವವನಿಗೆ ಅಂಗಡಿಯವನು ರೇಟು ಇಳಿಸಿದ. ಮಾತ್ರೆ ಮಾತ್ರ ಡಾಕ್ಟರು ಬರೆದದ್ದೇ, ಸೀಲು ಒಡೆಯದ ಡಬ್ಬಿ. ಭಾವ ಹೊರಗೆ ಕಾರಿನಲ್ಲಿ ಕುಳಿತು ನನ್ನ ಚೌಕಾಸಿಯನ್ನೆಲ್ಲ ಕೇಳಿಸಿಕೊಂಡಿದ್ದ.

ಮುಂದಿನದು ನಾನು ಕಂಡದ್ದಲ್ಲ, ಆಮೇಲೆ ಮಾತ್ರೆ ಪಡೆದವರ ಬಾಯಿಂದಲೇ ಕೇಳಿದ್ದು. ಭಾವ ಜಗಲಿಯ ಮೇಲೆ ಮಂಚ ಹಾಕಿಸಿಕೊಂಡ. ಮಾತ್ರೆಯ ಡಬ್ಬಿ ದಿಂಬಿನ ಪಕ್ಕ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಅಭ್ಯಾಸವಿಲ್ಲದ ಮನುಷ್ಯ. ಬಂದವರಿಗೆಲ್ಲ ಒಂದೊಂದು ಕಾಯಿಲೆ ಇದ್ದೇ ಇರುತ್ತದಲ್ಲ?

"ಅಲ್ಲು ನೋವಾ? ತಕಾ, ಎಲ್ಡು ನುಂಗು. ಆಸ್ಪತ್ರೆ ಮಾಲು, ಜೋರಾಗದೆ."

"ಅಣ್ಣೋ, ನಂಗ್ ನೆಗ್ಡಿ."

"ನೀನೂ ತಕಾ. ನಿಮ್ ಎಮ್ಮೆ ಕರೀಗೆ ಕಾಲ್ ಕುಂಟಾಗದಂತಲ್ಲಾ, ಅದ್ಕೂ ಒಂದ್ ಆಕು."

"ಅಣ್ಣ, ಕರೀಗೆ ಎಲ್ಡ್ ಬೇಕಾಯ್ತದೇನೋ. ಕಾಲು ನಾಕವೆ."

ಜಗಲಿಯೆಲ್ಲ ನಕ್ಕಿತಂತೆ. ಸೋದರತ್ತೆ ಒಂದು ಕ್ಯಾಪ್ಸೂಲು ಬಿಡಿಸಿ ಪುಡಿಯನ್ನು ಭಾವನ ಗಾಯಕ್ಕೇ ಉದುರಿಸಿ, ಹಳೆ ಪಂಚೆಯ ಬಟ್ಟೆ ಕಟ್ಟಿದಳಂತೆ. ಜ್ವರ ಬಿಟ್ಟಿತ್ತು, ಊಟ ಸೇರುತ್ತಿತ್ತು, ತನಗೆ ಇನ್ನು ಯಾಕೆ ಮಾತ್ರೆ ಎಂದುಕೊಂಡ ಭಾವ. ಡಬ್ಬಿ ಅರ್ಧವೂ ಅವನ ಹೊಟ್ಟೆಗೆ ಹೋಗಲಿಲ್ಲ.

ಕಾಲು ಮತ್ತೆ ಊದಿತು. ಈ ಸಲ ವಾಸನೆಯೂ ಬಂತು. ಕುಳ್ಳ ಡಾಕ್ಟರು ಅದೇ ಔಷಧಿಯನ್ನು ಸೂಜಿಯಲ್ಲಿ ಕೊಟ್ಟರು, ರೋಗ ಬಗ್ಗಲಿಲ್ಲ. ಮೈಸೂರಿಗೆ ಕಳಿಸಿದರು. ಅಲ್ಲಿಯ ದೊಡ್ಡ ಡಾಕ್ಟರು ಕೀವನ್ನು ಪರೀಕ್ಷೆಗೆ ಹಾಕಿ ನೋಡಿ, ಈ ಕ್ರಿಮಿ ನಮ್ಮ ಹತ್ತಿರವಿರುವ ಔಷಧಿಗಳಲ್ಲಿ ಹೆಚ್ಚಿನವನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂದರು. ಆಮೇಲೆ ಭಾವನನ್ನು ಕೇಳಿದರು: "ಮಾತ್ರೆ ಪೂರ್ತಿ ತಗೊಂಡ್ರಾ?"

"ತಕಂಡೆ ಸಾ. ಒಂದೂ ಬುಟ್ಟಿಲ್ಲ." ಭಾವ ಕಣ್ಣು ಮಿಟುಕಿಸಲಿಲ್ಲ. "ಮಾತ್ರೇನೇ ಸರಿ ಇರ್ನಿಲ್ಲ ಅಂತ ಕಾಣ್ತದೆ. ನಮ್ ಬಾಮೈದ ಚೌಕಾಸಿ ಮಾಡ್ಕಂಡ್ ತಂದಿದ್ದ."

ಅಕ್ಕ ಮಂಚದ ಕಾಲ ಬಳಿ ನಿಂತಿದ್ದಳು. ನನ್ನನ್ನು ಒಂದು ಸಲ ನೋಡಿ ಮುಖ ತಿರುಗಿಸಿದಳು.

ಕಾಲು ಕತ್ತರಿಸಿದರು. ಹೊರಗೆ ಕಾದಿದ್ದವರಲ್ಲಿ ಒಬ್ಬ ನನ್ನ ಪಕ್ಕಕ್ಕೆ ಸರಿದು, "ನಿಮ್ ಭಾವ ಕೊಟ್ಟಿದ್ ಮಾತ್ರೆ ನನ್ ಅಲ್ಲು ನೋವ್ಗೂ ಏನೂ ಮಾಡ್ನಿಲ್ಲ ಕಣಣ್ಣ, ಅದ್ಯಾವ್ ಮಾಲು ತಂದಿದ್ರೋ" ಎಂದ. ಹೀಗೆ ನನಗೆ ಗೊತ್ತಾಯಿತು. ಓಡಿಹೋಗಿ ದೊಡ್ಡ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಸಕ್ಕರೆ ಒಂದು ಪಾಲು ತಿಂತು, ಕೊಳಕು ಕೈ ಒಂದು ಪಾಲು ತಿಂತು, ಉಳಿದದ್ದನ್ನ ದಾನ ಮಾಡಿದ್ದಾರೆ. ಅರ್ಧ ಏಟು ತಿಂದ ಕ್ರಿಮಿ ಸಾಯಲ್ಲ ಕಣಯ್ಯ, ಏಟು ತಡ್ಕೊಳ್ಳೋದು ಕಲೀತದೆ" ಎಂದರು. ಅಷ್ಟು ಹೇಳಿ ಮುಂದಿನ ರೋಗಿಯನ್ನು ಕರೆದರು.

ಅಕ್ಕನಿಗೂ ಹೇಳಿದೆ. ಅವಳು ಎದ್ದು ಭಾವನ ಮಂಚದ ಕಡೆ ನಡೆದಳು. ಆವತ್ತಿಗೆ ಮಾತು ಮುಗಿಯಿತು. ಹೆಡತಲೆಗೆ ಹೋದರೆ ನೀರು ತಂದಿಟ್ಟು ಒಳಗೆ ಹೋಗುತ್ತಿದ್ದಳು. ಮಂಡಿಯಲ್ಲಿ ದರ ಇಳಿಸಲು ಬಂದವರು ಕೊನೆಗೆ ಎಸೆಯುತ್ತಿದ್ದ ಕಲ್ಲು ಒಂದೇ: "ಭಾವನ ಕಾಲಲ್ಲೇ ಚೌಕಾಸಿ ಮಾಡ್ದೋನು, ನಮ್ಮನ್ ಬುಟ್ಟೀಯಾ?" ನಾನು ಆ ಮಾತು ನುಂಗಿಕೊಂಡು ದರ ಮಾತ್ರ ಇಳಿಸಲಿಲ್ಲ.

ಬಾಗಿಲಲ್ಲಿ ಕೋಲು ಹಿಡಿದು ನಿಲ್ಲುವವನಿಲ್ಲದೆ ಭಾವನ ತೋಟಕ್ಕೂ ಸೊರಗು ರೋಗ ಹೊಕ್ಕಿತು. ಹಳದಿಯಾದ ಎಲೆಗಳನ್ನು ನಾನು ನಿಂತು ನೋಡಿದೆ. ಮರುಕ ಬರಲಿಲ್ಲ. ಬರೆಯಲು ಕುಳಿತು ಸುಳ್ಳು ಯಾಕೆ ಹೇಳಲಿ?

ವರ್ಷಗಳು ಹೋದವು, ಎರಡು ಸಾವಿರದ ಇಸವಿಯೂ ದಾಟಿತು. ಭಾವ ಸೋಮನಾಥಪುರದ ಹತ್ತಿರ ಕೊಟ್ಟ ಮಗಳ ಮನೆಯಲ್ಲಿದ್ದಾಗ ಎಡಗಾಲಿನ ಬೆರಳ ಸಂದಿಯಲ್ಲಿ ಹುಣ್ಣಾಯಿತು. ತಿ. ನರಸೀಪುರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಅಕ್ಕನ ಮಗಳು ಫೋನು ಮಾಡಿದಳು: "ಮಾವ, ಅಪ್ಪ ನಿಮ್ಮನ್ನೇ ಕೇಳ್ತಾವ್ರೆ."

ಹೋದೆ. ಭಾವ ಕುಗ್ಗಿಹೋಗಿದ್ದ. ಇರುವ ಒಂದು ಕಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ, ಯಾರೋ ಕಿತ್ತುಕೊಂಡು ಹೋಗುತ್ತಾರೆ ಎಂಬಂತೆ.

"ಇದ್ನೂ ಕುಯ್ದ್ರೆ ನಾನ್ ತೆವಳ್ಬೇಕು ಕಣ್ಲಾ."

"ತೆವಳ್ತೀರ," ಎಂದೆ. "ಬ್ಯಾಡ ಅಂದ್ರೆ ಬಾಗ್ಲಲ್ಲಿ ನಾನ್ ಕೂತ್ಕತೀನಿ. ಮಾತ್ರೆ ನನ್ ಜೇಬಲ್ಲಿರ್ತದೆ. ನಾನ್ ಏಳ್ದಂಗ್ ಕೇಳ್ಬೇಕು. ಕಾಲು ವಾಸಿಯಾದ್ ದಿನ, ಆವತ್ ಆ ಮಾತ್ರೆ ಏನಾಯ್ತು ಅಂತ ಅಕ್ಕನ ಮುಂದೆ ನಿಮ್ ಬಾಯಲ್ಲೇ ಏಳ್ಬೇಕು."

"ಸಾಯೋನ್ ತಾವ್ಲೂ ವ್ಯಾಪಾರ ಮಾಡ್ತೀಯಲ್ಲೋ."

"ನಿಮ್ಮನೆ ಇಟ್ಟು ತಿಂದ್ ಬೆಳ್ದೋನಲ್ವಾ, ಭಾವ."

ಒಪ್ಪಿದ. ಇಲ್ಲಿಯ ಡಾಕ್ಟರಮ್ಮ ಮೊದಲೇ ಕೀವನ್ನು ಪರೀಕ್ಷೆಗೆ ಕಳಿಸಿ, ಕ್ರಿಮಿ ಯಾವುದಕ್ಕೆ ಬಗ್ಗುತ್ತದೆ ಎಂದು ನೋಡಿ ಔಷಧಿ ಬರೆದರು. ಜೊತೆಗೆ ಸಕ್ಕರೆಯನ್ನೂ ಹದಕ್ಕೆ ತಂದರು. ನಾನು ಬಾಗಿಲಲ್ಲಿ ಬಕೆಟ್ಟು, ಸೋಪು ಇಟ್ಟುಕೊಂಡು ಕೂತೆ. ಊಟ ತರುವ ಅಕ್ಕನೂ ಕೈ ತೊಳೆದೇ ಒಳಗೆ ಹೋಗಬೇಕು, ಮಾತಿಲ್ಲದೆ ತೊಳೆಯುತ್ತಿದ್ದಳು. ಪಟ್ಟಿ ಕಟ್ಟಲು ಬಂದ ನರ್ಸಮ್ಮನನ್ನೂ, "ಪಕ್ಕದ್ ರೂಮಿಂದ ಬಂದ್ರಲ್ಲ, ಕೈ ತೊಳೆದ್ರಾ ತಾಯಿ?" ಎಂದು ಕೇಳಿದೆ. ಅವಳು ಬೈದುಕೊಂಡೇ ಹೋಗಿ ತೊಳೆದು ಬಂದಳು. ಮಾತ್ರೆ ನುಂಗಿದ ಮೇಲೆ ಭಾವ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕಿತ್ತು. ಊರ ಮುಂದಾಳು ಹಾಗೆ ಬಾಯಿ ಬಿಡುವುದನ್ನು ನೋಡಲು ನನಗೆ ಹಿತವಾಗಿಯೇ ಇತ್ತು.

ಸೋದರತ್ತೆ ಬಸ್ಸು ಬದಲಾಯಿಸಿ, ಬ್ರೆಡ್ಡು ಹಿಡಿದು ಬಂದಳು. ಬೆನ್ನು ಬಾಗಿತ್ತು, ಬಾಯಿ ಬಾಗಿರಲಿಲ್ಲ.

"ಬುಡ್ಲಾ ಒಳೀಕೆ. ಎತ್ತಾಡ್ಸಿದ್ ಮಗ ಅವ್ನು."

"ಇಲ್ಲಿಂದ್ಲೇ ನೋಡ್ಬುಟ್ ಓಗಿ ಅತ್ತೆ. ಯಾವ್ ಆಳ್ ತೋಟದ್ ಮಣ್ಣ್ ಮೆಟ್ಕಂಡ್ ಬಂದಿದ್ದೀರೋ." ಒಳಗಿದ್ದ ಭಾವನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ನಿನ್ ಎಣ ನೋಡಾಕೂ ಯಾರೂ ಬರ್ದಂಗಾಗ್ಲಿ!"

"ಬರೋರು ಕೈ ತೊಳ್ಕಂಡ್ ಬರ್ಲಿ ಅತ್ತೆ, ಅಷ್ಟೇ."

ಅವಳು ಬ್ರೆಡ್ಡನ್ನು ನನ್ನ ಕಾಲ ಬಳಿ ಎಸೆದು ಹೋದಳು. ಬಂದವರೆಲ್ಲ ಹೀಗೇ ಏನಾದರೊಂದು ಶಾಪ ಎಸೆದು ಹೋದರು. ಹುಣ್ಣು ಒಣಗಿತು. ಕಾಲು ಉಳಿಯಿತು.

ಮನೆಗೆ ಕಳಿಸುವ ದಿನ ಭಾವ ಮಾತು ತಪ್ಪಲಿಲ್ಲ, ಅದಷ್ಟನ್ನು ಹೇಳಬೇಕು. ಅಕ್ಕ ಕ್ಯಾರಿಯರ್ ಬಿಚ್ಚುತ್ತಿದ್ದಳು. ಅವನು ಗೋಡೆ ನೋಡುತ್ತ, "ಆವತ್ ಮಾತ್ರೆ ಕೆಟ್ಟಿರ್ನಿಲ್ಲ ಕಣೆ. ನಾನೇ ಅಂಚ್ಬುಟ್ಟಿದ್ದೆ" ಎಂದ.

ಅಕ್ಕನ ಕೈ ನಿಲ್ಲಲಿಲ್ಲ. "ಗೊತ್ತು. ನುಂಗೋರ್ಗೆಲ್ಲ ನಾನೇ ಅಲ್ವಾ ಲೋಟದಲ್ ನೀರ್ ತಂದ್ ಕೊಟ್ಟಿದ್ದು."

ನಾನು ಎದ್ದು ನಿಂತೆ. "ಮತ್ತೆ ನನ್ ಮೇಲೆ ಯಾಕಕ್ಕ?"

"ಕಾಲ್ ಓದ್ ಗಂಡನ್ ಮೇಲೆ ತಪ್ಪು ಆಕಾಕಾಯ್ತದಾ?" ಅವಳು ಅನ್ನ ಬಡಿಸಿದಳು. "ನೀನಾದ್ರೆ ವ್ಯಾಪಾರ್ದೋನು. ಬೈಸ್ಕಳೋದು ನಿಂಗೆ ಅಭ್ಯಾಸ. ಕೂತ್ಕಾ, ಉಂಡ್ಬುಟ್ ಓಗು."

ಬದುಕಿನಲ್ಲಿ ನಾನು ಕುದುರಿಸಿದ ಅತಿ ದೊಡ್ಡ ವ್ಯಾಪಾರ ಅದು. ಬಾಗಿಲಲ್ಲಿ ಕೂತು ಊರವರಿಂದೆಲ್ಲ ಶಾಪ ತಿಂದು ನಾನು ಕೊಂಡ ಸರಕು ಅಷ್ಟು ವರ್ಷದಿಂದ ಅವಳ ಹತ್ತಿರವೇ ಇತ್ತು. ಕೂತು ಉಂಡೆ.

ಈಗ ನಿಮ್ಮ ವಿಷಯ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟಿದ್ದೀರಾ? ಹೋಗದಿದ್ದರೆ ಇನ್ನೂ ಒಳ್ಳೆಯದು. ಹೋಗಲೇಬೇಕೆಂದರೆ ಬಾಗಿಲಲ್ಲಿ ಸೋಪು ಹಾಕಿ ಕೈ ತೊಳೆಯಿರಿ, ಬರುವಾಗಲೂ ತೊಳೆಯಿರಿ. ಮಂಚದ ಮೇಲೆ ಕೂರಬೇಡಿ, ಪಟ್ಟಿ ಎತ್ತಿ ನೋಡಬೇಡಿ, ಒಬ್ಬ ರೋಗಿಯನ್ನು ಮುಟ್ಟಿದ ಕೈಯಲ್ಲಿ ಇನ್ನೊಬ್ಬನನ್ನು ಮುಟ್ಟಬೇಡಿ. ಕನಿಕರ ನಿಮ್ಮ ಹೊಟ್ಟೆಯಲ್ಲೇ ಇರಲಿ. ರೋಗಿ ನಿಮ್ಮ ಮನೆಯವನಾದರೆ ನೆಂಟರಲ್ಲಿ ಕೆಟ್ಟ ಬಾಯಿಯವರು ಒಬ್ಬರನ್ನು ಹುಡುಕಿ ಬಾಗಿಲಲ್ಲಿ ಕೂರಿಸಿ. ಡಾಕ್ಟರಾಗಲಿ, ನರ್ಸಾಗಲಿ, ಕೈ ತೊಳೆದಿರಾ ಎಂದು ಕೇಳುವುದಕ್ಕೆ ಸಂಕೋಚ ಬೇಡ; ಬೈದರೆ ಬೈಯಲಿ.

ಔಷಧಿ ಅಂಗಡಿಯಲ್ಲಿ ದರಕ್ಕೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಮಾತ್ರೆಯ ಎಣಿಕೆಯಲ್ಲಿ ಮಾಡಬೇಡಿ. ಬಿಲ್ಲು ಇಸಿದುಕೊಳ್ಳಿ, ನಾಳೆ ನಿಮ್ಮ ಮೇಲೂ ಮಾತು ಬರಬಹುದು. ನೆಗಡಿಗೆ, ಮೈಕೈ ನೋವಿಗೆ ಜೋರು ಮಾತ್ರೆ ಕೊಡಿ ಎಂದು ಡಾಕ್ಟರನ್ನು ಪೀಡಿಸಬೇಡಿ. ಇದು ನಿಜವಾಗಿ ಬೇಕಾ ಎಂದು ಕೇಳಿ. ಬರೆದುಕೊಟ್ಟ ಮೇಲೆ ಅವರು ಹೇಳಿದಷ್ಟು ದಿನ ನುಂಗಿ. ಜ್ವರ ಬಿಟ್ಟಿತು ಎಂದು ನೀವೇ ನಿಲ್ಲಿಸಬೇಡಿ, ಮಿಕ್ಕಿದ್ದನ್ನು ಗೂಡಿನಲ್ಲಿ ಎತ್ತಿಡಬೇಡಿ, ಎಮ್ಮೆಗೂ ಹಾಕಬೇಡಿ.

ಇನ್ನೊಂದು ಮಾತು. ಮಾತ್ರೆ ಮನೆಗೆ ತಂದ ದಿನವೇ, ಆ ಮನೆಯಲ್ಲಿ ಲೋಟಕ್ಕೆ ನೀರು ತುಂಬಿ ಕೊಡುವವರು ಯಾರೋ ಅವರನ್ನು ಕರೆದು ಹೇಳಿ: ಈ ನೀರು ರೋಗಿ ಒಬ್ಬನಿಗೇ.